ರವಿವಾರದ ಸುದ್ದಿಗೆ ವರ್ಷ ತುಂಬಿತು: ಕೈಹಿಡಿದ ಎಲ್ಲರಿಗೂ ಶರಣು

ವಿಜಯಪುರದ ನಮ್ಮ ಓಣಿಯ ಮುತ್ಯಾ, ಆಯಿ, ಅಜ್ಜ, ಅಮ್ಮ ಎಲ್ಲರೂ ಸೇರಿ ಪ್ರತಿ ರವಿವಾರ ಪರಊರಿನ ಮಕ್ಕಳು, ಮೊಮ್ಮಕ್ಕಳಿಗೆ ಮನೆಯ ಸುದ್ದಿ ಕಳಿಸುವ ಪದ್ಧತಿಗೆ ಈ ಸಂಕ್ರಮಣಕ್ಕೆ ಒಂದು ವರ್ಷ ತುಂಬಿತು. ಯಾರ ಮನೆಯ ಎಮ್ಮೆ ಈಯಿತು, ಯಾವ ಬೀಗರು ಬಂದು ಹೋದರು, ಹಿಂಗಾರಿ ಜೋಳ ಎಷ್ಟು ಎತ್ತರ ಬಂತು, ಸಿದ್ಧೇಶ್ವರ ಜಾತ್ರೆಯ ನಂದಿಕೋಲು ನೋಡಲು ಯಾರ್ಯಾರು ಹೋಗಿದ್ದರು, ಆ ಕಡೆಯಿಂದ ಯಾವ ಕೂಸಿಗೆ ಮೊದಲ ಹಲ್ಲು ಬಂತು ಎನ್ನುವಂಥ ಸುದ್ದಿಗಳು. ಇಷ್ಟು ಸಣ್ಣ ಸುದ್ದಿ ವಾರ ತಪ್ಪದೆ ಹೋಗಿ, ಅಲ್ಲಿಂದ ಮರುಮಾತು ಬರಬೇಕಾದರೆ ಹಿಂದೆ ಬಹಳ ಜನರ ಕೈ ಬೇಕು. ಬರೀ ‘ಧನ್ಯವಾದ’ ಅಂದುಬಿಟ್ಟರೆ ಅವರು ಮಾಡಿದ್ದೇನು ಎಂದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಅವರು ಕಲಿಸಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಬ್ಯಾರೆ ಊರಿನ ಹಿರಿಯರೂ ಇದನ್ನು ಓದಿ ಶುರು ಮಾಡಿದರೆ ಅವರ ಶ್ರಮಕ್ಕೆ ಇನ್ನಷ್ಟು ಬೆಲೆ ಬಂದೀತು.

ಮೊದಲ ಶರಣು, ಶನಿವಾರ ಸಂಜೆ ಬಂದು ಒಬ್ಬೊಬ್ಬರ ಫೋನು ಸರಿಮಾಡಿಕೊಟ್ಟ ಕಾಲೇಜಿನ ಹುಡುಗ ಹುಡುಗಿಯರಿಗೆ. ಅಕ್ಷರ ದೊಡ್ಡದು ಮಾಡಿದರು. ವಾಟ್ಸಾಪಿನಲ್ಲಿ ಮುಖ್ಯವಾದ ಮೂರು ಚಾಟುಗಳನ್ನು ಪಿನ್ ಮಾಡಿ ಮೇಲೆ ನಿಲ್ಲಿಸಿದರು. ಆಮೇಲೆ ಧ್ವನಿ ಸಂದೇಶ ಕಲಿಸಿದರು. ಮೈಕಿನ ಗುರುತನ್ನು ಒತ್ತಿ ಹಿಡಿದು ಬೆರಳನ್ನು ಮೇಲಕ್ಕೆ ಸರಿಸಿದರೆ ಅದು ಲಾಕ್ ಆಗುತ್ತದೆ, ಬೆರಳು ತೆಗೆದು ನಿಶ್ಚಿಂತೆಯಿಂದ ಮಾತಾಡಬಹುದು. ಲಾಕ್ ಮಾಡದಿದ್ದರೆ ವಯಸ್ಸಾದವರ ಬೆರಳು ಸ್ವಲ್ಪ ನಡುಗಿದರೂ ಅರ್ಧ ಮಾತೇ ಹೋಗಿಬಿಡುತ್ತದೆ. ಹಿರಿಯರು ಧ್ವನಿ ಸಂದೇಶವೇ ಬೇಡ ಅನ್ನುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ. ಲಾಕ್ ಮಾಡಿದ ಮೇಲೆ ನಡುವೆ ನಿಲ್ಲಿಸಬಹುದು, ಕಳಿಸುವ ಮೊದಲು ಕೇಳಿ ನೋಡಬಹುದು, ಬೇಡವಾದರೆ ಅಳಿಸಬಹುದು. ತಪ್ಪು ಗುಂಪಿಗೆ ಹೋದ ಸಂದೇಶವನ್ನು ಎರಡು ದಿನದೊಳಗೆ ‘ಎಲ್ಲರಿಗೂ ಅಳಿಸು’ ಒತ್ತಿ ತೆಗೆಯಬಹುದು. ‘ನನಗೆ ಮಾತ್ರ’ ಎಂದು ಒತ್ತಿದರೆ ನಮ್ಮ ಫೋನಿನಿಂದ ಹೋಗುತ್ತದೆ, ಉಳಿದವರ ಫೋನಿನಲ್ಲಿ ಹಾಗೇ ಕೂತಿರುತ್ತದೆ.

ಫೋನಿನ ಮೈಕು ಕೆಳಗಿನ ಅಂಚಿನಲ್ಲಿ, ಚಾರ್ಜರ್ ಚುಚ್ಚುವ ಜಾಗದ ಪಕ್ಕದ ಸಣ್ಣ ತೂತು. ಅಂಗೈ ಅಡ್ಡ ಬಂದರೆ, ಕವರು ಅದನ್ನು ಮುಚ್ಚಿದ್ದರೆ, ಧೂಳು ತುಂಬಿದ್ದರೆ ಮಾತು ಗೊಗ್ಗರಾಗಿ ಕೇಳುತ್ತದೆ. ಬಾಯಿಂದ ಒಂದು ಗೇಣು ದೂರ ಹಿಡಿದರೆ ಸಾಕು. ಫ್ಯಾನು ನಿಲ್ಲಿಸಬೇಕು, ಟಿವಿ ಬಂದ್ ಮಾಡಬೇಕು, ಕುಕ್ಕರ್ ಇಳಿಸಿದ ಮೇಲೆ ಕೂಡಬೇಕು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಬಂದ ಧ್ವನಿ ಸಂದೇಶ ಕೇಳುವಾಗ ಫೋನನ್ನು ಕಿವಿಗೆ ಒತ್ತಿಕೊಂಡರೆ ದೊಡ್ಡ ಸ್ಪೀಕರು ನಿಂತು, ಕಾಲ್ ಬಂದಾಗ ಕೇಳುವ ಮೇಲಿನ ಸಣ್ಣ ಸ್ಪೀಕರಿನಲ್ಲಿ ದನಿ ಬರುತ್ತದೆ. ಆಗ ‘ಫೋನ್ ಕೆಟ್ಟಿತು’ ಅನಿಸುತ್ತದೆ. ಕೆಟ್ಟಿರುವುದಿಲ್ಲ, ಮುಖದಿಂದ ದೂರ ಹಿಡಿದರೆ ಮತ್ತೆ ದೊಡ್ಡದಾಗಿ ಕೇಳುತ್ತದೆ. ಮೊಮ್ಮಕ್ಕಳ ಸಂದೇಶ ಓಡುತ್ತಿರುವಂತೆ ಕೇಳಿದರೆ ‘1.5x’ ಅಥವಾ ‘2x’ ಎಂದು ಇದೆಯೇ ನೋಡಿ, ಅದನ್ನೇ ಒತ್ತುತ್ತಾ ‘1x’ಗೆ ತನ್ನಿರಿ.

ಫೋನು ತುಂಬಿ ನಿಲ್ಲುವುದಕ್ಕೆ ಕಾರಣ ಮೊಮ್ಮಕ್ಕಳ ಫೋಟೋ ಅಲ್ಲ, ದಿನಾ ಬೆಳಿಗ್ಗೆ ಹತ್ತು ಗುಂಪಿನಿಂದ ಬರುವ ‘ಶುಭೋದಯ’ದ ಚಿತ್ರ ಮತ್ತು ವಿಡಿಯೋ. ಸೆಟ್ಟಿಂಗ್ಸಿನಲ್ಲಿ ಮೀಡಿಯಾ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ಬಂದ್ ಮಾಡಿದರೆ ನಾವು ಮುಟ್ಟಿದ ಚಿತ್ರ ಮಾತ್ರ ಇಳಿಯುತ್ತದೆ.

ಎರಡನೆಯ ಶರಣು ನಮ್ಮ ನಿವೃತ್ತ ಅಕ್ಕೋರಿಗೆ, ಅಂದರೆ ಶಾಲೆಯ ಶಿಕ್ಷಕಿಗೆ. ಸುದ್ದಿ ಹೇಳುವುದನ್ನೂ ಕಲಿಯಬೇಕಾಗುತ್ತದೆ ಎಂದು ತೋರಿಸಿಕೊಟ್ಟವರು ಅವರು. “ನಾವು ಆರಾಮ ಅದೀವಿ, ನೀವೂ ಆರಾಮ ಇರ್ರಿ ಅಂದ್ರ ಹುಡುಗರು ಏನಂತ ಮಾತು ಮುಂದುವರಿಸಬೇಕ್ರಿ?” ಎಂದು ಕೇಳಿ, ಒಂದು ಕ್ರಮ ಹಾಕಿಕೊಟ್ಟರು. ಮೊದಲು ಯಾರು, ಎಲ್ಲಿಂದ ಮಾತಾಡುತ್ತಿರುವುದು ಎಂದು ಹೇಳಬೇಕು. ಆಮೇಲೆ ಈ ವಾರದ ಒಂದೇ ಒಂದು ವಿಷಯ, ಕಣ್ಣಿಗೆ ಕಟ್ಟುವ ಹಾಗೆ. ಕಡೆಗೆ ಮೊಮ್ಮಗ ಉತ್ತರ ಕೊಡಬಲ್ಲ ಒಂದು ಪ್ರಶ್ನೆ. ಎಲ್ಲ ಸೇರಿ ಎರಡು ನಿಮಿಷ ದಾಟಬಾರದು, ಯಾಕೆಂದರೆ ಉದ್ದದ್ದನ್ನು ‘ಆಮೇಲೆ ಕೇಳೋಣ’ ಎಂದು ಇಟ್ಟುಬಿಡುತ್ತಾರೆ. ‘ಚಲೋ ಓದಾಕತ್ತೀ ಏನ?’ ಎಂಬುದು ಪ್ರಶ್ನೆಯಲ್ಲ, ಅದಕ್ಕೆ ‘ಹೂಂ’ ಅಂದರೆ ಮುಗಿಯಿತು. ‘ನಿನ್ನ ಬೆಂಚಿನ್ಯಾಗ ಬಾಜೂಕ ಯಾರು ಕೂಡತಾರ?’ ಎಂದರೆ ಹುಡುಗ ಹತ್ತು ಮಾತಾಡುತ್ತಾನೆ.

ಈಗ ಸೀತನಿಯ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಕಾಲ. ಅಕ್ಕೋರು ಹೇಳಿಕೊಟ್ಟ ಹಾಗೆ ಸೀತನಿಯ ಸುದ್ದಿ ಹೀಗೆ ಹೋಗುತ್ತದೆ: “ಮುತ್ಯಾ ಮಾತಾಡಾಕತ್ತೀನಿ, ಹೊಲದಾಗ ಅದೀನಿ. ಜೋಳದ ತೆನಿ ಹಾಲು ತುಂಬ್ಯಾವು. ಕಾಳು ಚಿವುಟಿದ್ರ ಬೆಳ್ಳಗ ಹಾಲು ಬರತೈತಿ, ಹಾಲು ಗಟ್ಟಿ ಆಗಾಕ ಹತ್ತಿದಾಗ ಸೀತನಿ ಮಾಡಬೇಕು. ಕುಳ್ಳಿನ ಕೆಂಡದಾಗ ತೆನಿ ಹೊಳ್ಳಿಸಿ ಹೊಳ್ಳಿಸಿ ಸುಟ್ಟು, ಬಿಸಿ ಇದ್ದಾಗನ ಕೈಯಾಗ ತಿಕ್ಕಿ, ಮೊರದಾಗ ಹಾಕಿ ಕೇರಿದ್ರ ಹಸರ ಕಾಳು ಉಳಿತಾವು. ಶೇಂಗಾ ಚಟ್ನಿ ಜೋಡಿ ತಿಂದೀವಿ. ನಿಮ್ಮ ಊರಾಗ ಈಗ ಯಾವ ಕಾಳು, ಯಾವ ಹಣ್ಣು ಬಂದಾವು?” ಇದು ಒಂದು ನಿಮಿಷದ ಮಾತು. ಕಾಳು ಪೂರ್ತಿ ಬಲಿತ ಮೇಲೆ ಸುಟ್ಟರೆ ಹಲ್ಲಿಗೆ ಸಿಗುವುದಿಲ್ಲ, ಬಹಳ ಎಳೆಯದಿದ್ದರೆ ತಿಕ್ಕುವಾಗಲೇ ಜಜ್ಜಿ ಹೋಗುತ್ತದೆ. ಇಂಥದನ್ನು ಹೇಳಿದಾಗ ಸಂಕ್ರಮಣಕ್ಕೆ ಊರಿಗೆ ಬರುವ ಮಕ್ಕಳು ಯಾವ ವಾರ ಬರಬೇಕೆಂದು ತಾವೇ ಲೆಕ್ಕ ಹಾಕುತ್ತಾರೆ. ಮಳೆಗಾಲದಲ್ಲಿ ಸೀತನಿಯ ಸುದ್ದಿಯ ಜಾಗಕ್ಕೆ ಆಲಮಟ್ಟಿ ಅಣೆಕಟ್ಟಿನ ಸುದ್ದಿ ಬರುತ್ತದೆ. ಅಣೆಕಟ್ಟಿನ ಪೂರ್ಣ ಮಟ್ಟ 519.60 ಮೀಟರ್, ಈ ವಾರ ಎಷ್ಟಿದೆ, ಎಷ್ಟು ಗೇಟು ಎತ್ತಿದ್ದಾರೆ ಎಂದು ಹೇಳಿದರೆ ಎಂಟು ಹತ್ತು ವರ್ಷದ ಮಕ್ಕಳು ಪ್ರತಿ ವಾರ ಕಾದು ಕೇಳುತ್ತಾರೆ. ಅಂಕಿ ಮಕ್ಕಳಿಗೆ ಬಹಳ ಇಷ್ಟ, ಅದನ್ನು ಬಿಡಬಾರದು.

ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗೆ ವಿಶೇಷ ಶರಣು. ಅಡುಗೆಯ ಸುದ್ದಿ ಹೇಳುವಾಗ ‘ಹದ ನೋಡಿ ಹಾಕ್ರಿ’ ಎಂದರೆ ಅವರು ಬಿಡಲಿಲ್ಲ, ‘ಅತ್ತಿ, ಎಷ್ಟು ವಾಟಗ (ಬಟ್ಟಲು)?’ ಎಂದು ಕೇಳಿ ಕೇಳಿ ಆಯಂದಿರಿಂದ ಅಳತೆ ಹೊರಡಿಸಿದರು. ಹಾಗೆ ಹೊರಟ ಅಳತೆಗಳಲ್ಲಿ ಹೆಚ್ಚು ಜನ ಕೇಳಿದ್ದು ರೊಟ್ಟಿಯದು. ಎರಡು ವಾಟಗ ಬಿಳಿಜೋಳದ ಹಿಟ್ಟಿಗೆ ಸುಮಾರು ಒಂದೂವರೆ ವಾಟಗ ನೀರು, ಚಿಟಿಕೆ ಉಪ್ಪು. ನೀರು ಕಳಕಳ ಕುದಿಯಬೇಕು. ಎಸರನ್ನು ಹಿಟ್ಟಿನ ನಡುವೆ ಹೊಯ್ದು, ಮೊದಲು ಚಮಚದಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಚೆನ್ನಾಗಿ ನಾದಬೇಕು. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ, ಕುದಿಯುವ ನೀರು ಬಿದ್ದಾಗ ಹಿಟ್ಟು ಬೆಂದು ಬರುವ ಜಿಗಿಯೇ ಅದಕ್ಕೆ ಆಧಾರ. ಪರಊರಿನಲ್ಲಿ ರೊಟ್ಟಿ ಬಡಿಯುವಾಗ ಅಂಚು ಸೀಳುವುದಕ್ಕೆ ಮೂರು ಕಾರಣ: ಹಿಟ್ಟು ಬೀಸಿ ತಿಂಗಳು ಗಟ್ಟಲೆ ಆಗಿರುವುದು, ನೀರು ಕುದಿ ಬರುವ ಮೊದಲೇ ಹಾಕಿದ್ದು, ನಾದಿದ್ದು ಸಾಲದಿರುವುದು. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ, ಆ ನೀರು ಆರುತ್ತಿದ್ದಂತೆ ಮಗುಚಬೇಕು. ಪೂರ್ತಿ ಒಣಗಲು ಬಿಟ್ಟರೆ ಬಿರಿಯುತ್ತದೆ, ಉಬ್ಬುವುದಿಲ್ಲ. ಈ ಮಾತನ್ನು ಆಯಿ ಹೇಳಿ, ಸೊಸೆ ಮಾಡಿ ನೋಡಿ, ಎಲ್ಲಿ ತಪ್ಪಿತೆಂದು ಫೋಟೋ ಕಳಿಸಿ, ಆಯಿ ಮತ್ತೆ ತಿದ್ದಿ ಹೇಳಿದ್ದರಿಂದಲೇ ಅಳತೆ ನಿಂತಿತು. ಇದು ಇಬ್ಬರ ಕೆಲಸ.

ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗೆ ಇನ್ನೊಂದು ಕಾರಣಕ್ಕೂ ಋಣಿಗಳು ನಾವು. ಯಾವ ಸುದ್ದಿ ಹೇಳಬಾರದು ಎಂಬುದನ್ನು ಮುಖ ಮುರಿಯದೆ ತಿಳಿಸಿದರು. ಬಸುರಿ, ಬಾಣಂತಿ, ಮದುವೆಯ ಮಾತುಕತೆ, ನೌಕರಿ ಹೋದದ್ದು, ಪಗಾರ, ಕಾಯಿಲೆ, ಪರೀಕ್ಷೆಯ ಅಂಕ: ಇವೆಲ್ಲ ಅವರವರ ಸುದ್ದಿ. ಅವರು ಹೇಳಿದ ಮೇಲೆಯೇ, ಅವರು ಹೇಳಬಹುದು ಅಂದವರಿಗೆ ಮಾತ್ರ ದಾಟಿಸಬೇಕು. ಮಕ್ಕಳ ಸ್ನಾನದ ಫೋಟೋ, ಶಾಲೆಯ ಹೆಸರು ಕಾಣುವ ಸಮವಸ್ತ್ರದ ಫೋಟೋ ದೊಡ್ಡ ಗುಂಪಿಗೆ ಹಾಕಬಾರದು. ಮನೆಯ ಗುಂಪು ಬೇರೆ, ಓಣಿಯ ಗುಂಪು ಬೇರೆ. ಈ ಗಡಿ ಗಟ್ಟಿಯಾದ ಮೇಲೆ ಮಕ್ಕಳು ಮೊದಲಿಗಿಂತ ಹೆಚ್ಚು ಸುದ್ದಿ ಹೇಳತೊಡಗಿದರು.

ಕಿವಿ ಮಂದವಾದ ಹಿರಿಯರನ್ನು ಬಿಟ್ಟು ಮುಂದೆ ಹೋಗದಂತೆ ನೋಡಿಕೊಂಡವರು ಕಿವಿ ತಪಾಸಣೆ ಮಾಡುವ ಅಕ್ಕ. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಕೀಚು ದನಿ ಕೇಳುವ ಶಕ್ತಿ. ಮಕ್ಕಳ ದನಿಯೇ ಕೀಚು, ಸ, ಶ, ತ, ಕ ಮುಂತಾದ ಅಕ್ಷರಗಳೂ ಕಿವಿಗೆ ಹತ್ತುವುದಿಲ್ಲ. ಅದಕ್ಕೇ ‘ದನಿ ಕೇಳತೈತಿ, ಮಾತು ತಿಳಿಯಂಗಿಲ್ಲ’ ಅನ್ನುತ್ತಾರೆ. ಒದರಿದರೆ ಉಪಯೋಗವಿಲ್ಲ, ಮಾತು ಇನ್ನೂ ಒಡೆಯುತ್ತದೆ. ನಿಧಾನಕ್ಕೆ, ಬಿಡಿಸಿ, ತುಟಿ ಕಾಣುವಂತೆ ಮಾತಾಡಬೇಕು. ವಿಡಿಯೋ ಕಾಲಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕರ್ರಗೆ ಕಾಣುತ್ತದೆ, ಕಿಟಕಿಗೆ ಮುಖ ಮಾಡಿ ಕೂಡಬೇಕು. ಕಿವಿಯಂತ್ರ ಹಾಕಿದವರು ಫೋನನ್ನು ಅದಕ್ಕೆ ಒತ್ತಿ ಹಿಡಿದರೆ ಸಿಳ್ಳೆ ಬರುತ್ತದೆ. ಸ್ಪೀಕರಿಗೆ ಹಾಕಿ ಸ್ವಲ್ಪ ದೂರ ಇಟ್ಟರೆ ನಿಲ್ಲುತ್ತದೆ.

ಹೊತ್ತಿನ ಲೆಕ್ಕ ಹಾಕಿಕೊಟ್ಟ ಮೊಮ್ಮಗಳಿಗೂ ಶರಣು. ರವಿವಾರ ಇಲ್ಲಿ ಬೆಳಿಗ್ಗೆ ಎಂಟೂವರೆಗೆ ವಿಡಿಯೋ ಕಾಲಿಗೆ ಕೂತರೆ ಕ್ಯಾಲಿಫೋರ್ನಿಯಾದಲ್ಲಿ ಈಗ ಶನಿವಾರ ಸಂಜೆ ಏಳು, ಸಿಡ್ನಿಯಲ್ಲಿ ರವಿವಾರ ಮಧ್ಯಾಹ್ನ ಎರಡು. ಸಂಜೆ ಏಳೂವರೆಗೆ ಕೂತರೆ ದುಬೈನಲ್ಲಿ ಆರು, ಲಂಡನ್ನಿನಲ್ಲಿ ಮಧ್ಯಾಹ್ನ ಎರಡು, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತು. ಎಲ್ಲರನ್ನೂ ಒಂದೇ ಹೊತ್ತಿಗೆ ಕೂಡಿಸಲು ಹೋದರೆ ಯಾರೋ ಒಬ್ಬರು ನಿದ್ದೆಗೆಡಬೇಕಾಗುತ್ತದೆ, ಎರಡು ಸಲ ಕೂಡುವುದೇ ಚಲೋ. ಒಂದು ಕಾಲಿನಲ್ಲಿ 32 ಜನ ಸೇರಬಹುದಾದರೂ ಆರೇಳು ಜನ ದಾಟಿದರೆ ಮುದುಕರ ಮಾತು ಯಾರಿಗೂ ಕೇಳುವುದಿಲ್ಲ.

ಮೋಸದ ಕರೆಗಳ ಬಗ್ಗೆ ಬಂದು ತಿಳಿಸಿ ಹೇಳಿದ ಬ್ಯಾಂಕಿನ ತಮ್ಮನಿಗೂ ಪೊಲೀಸ್ ತಂಗಿಗೂ ನಾವು ಆಭಾರಿಗಳು. ‘ಮುತ್ಯಾ, ನಾನು ಅಪಘಾತದಾಗ ಸಿಕ್ಕೀನಿ, ರೊಕ್ಕ ಹಾಕು’ ಎಂದು ಮೊಮ್ಮಗನ ದನಿಯಲ್ಲೇ ಕರೆ ಬಂದರೂ ಇಟ್ಟುಬಿಟ್ಟು, ನಮ್ಮಲ್ಲಿರುವ ಹಳೆಯ ನಂಬರಿಗೆ ನಾವೇ ಮಾಡಿ ಕೇಳಬೇಕು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಬೇಕು. ಒಟಿಪಿ ಯಾರಿಗೂ ಹೇಳಬಾರದು. ಪೊಲೀಸರ ಸೋಗಿನಲ್ಲಿ ವಿಡಿಯೋ ಕರೆ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ರೊಕ್ಕ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬೇಗ ತಿಳಿಸಿದಷ್ಟೂ ಆ ರೊಕ್ಕವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು.

ವಸತಿ ಶಾಲೆಗಳಲ್ಲಿ ಇರುವ ಮೊಮ್ಮಕ್ಕಳ ಕೈಯಲ್ಲಿ ಫೋನು ಇರುವುದಿಲ್ಲ. ಅವರ ಸುದ್ದಿ ಹೋಗುವುದು ಟಪಾಲಿನ ಕಾರ್ಡಿನಲ್ಲಿ. ಹೆಸರು, ತರಗತಿ, ಶಾಲೆ, ತಾಲೂಕು, ಆರು ಅಂಕಿಯ ಪಿನ್ ಕೋಡ್ ಇಷ್ಟನ್ನೂ ಬಿಡಿಸಿ ಬರೆಯಬೇಕು, ತರಗತಿ ಬರೆಯದಿದ್ದರೆ ಒಂದೇ ಹೆಸರಿನ ಇನ್ನೊಬ್ಬ ಹುಡುಗನ ಕೈ ಸೇರುತ್ತದೆ. ಕಾರ್ಡು ಎಲ್ಲರೂ ಓದಬಹುದಾದದ್ದು, ಆದ್ದರಿಂದ ಅದರಲ್ಲಿ ಬೈಗುಳವಾಗಲಿ ಬುದ್ಧಿಮಾತಾಗಲಿ ಬೇಡ. ಬಿಸಿಲು ಮಳೆ ಎನ್ನದೆ ಉತ್ತರದ ಕಾರ್ಡು ಮನೆ ಬಾಗಿಲಿಗೆ ತಂದು, ಕಣ್ಣು ಮಂಜಾದವರಿಗೆ ನಿಂತು ಓದಿಯೂ ಹೇಳಿದ ನಮ್ಮ ಟಪಾಲಿನಣ್ಣನಿಗೆ ಕೈಮುಗಿದು ಶರಣು. ಕೂಡಲು ಗುಡಿಯ ಪಡಸಾಲೆ ಬಿಟ್ಟುಕೊಟ್ಟ ಪಂಚರಿಗೂ, ಚಹಾ ಕಳಿಸಿದ ಓಣಿಯ ತಾಯಂದಿರಿಗೂ.

ಎಲ್ಲರಿಗಿಂತ ಹೆಚ್ಚಿನ ಋಣ ಮರುಮಾತು ಕಳಿಸಿದ ಮೊಮ್ಮಕ್ಕಳದು. ಕನ್ನಡ ತಡವರಿಸಿದರೂ ನೀವು ಕನ್ನಡದಲ್ಲೇ ಹೇಳಿದಿರಿ. ನಿಮ್ಮ ಒಂದೊಂದು ಸಂದೇಶವನ್ನೂ ಇಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದ್ದೇವೆ, ಕೇಳಿ ಮುಗಿದ ಮೇಲೆ ಪಕ್ಕದ ಮನೆಯವರಿಗೂ ಕೇಳಿಸಿದ್ದೇವೆ. ಹತ್ತನೆಯ ತರಗತಿ, ಪಿಯುಸಿ ಪರೀಕ್ಷೆಗೆ ಕೂಡುವ ಮಕ್ಕಳಿರುವ ಮನೆಯವರು ಮೊದಲೇ ತಿಳಿಸಿರಿ, ಪರೀಕ್ಷೆ ಮುಗಿಯುವವರೆಗೆ ಅವರಿಗೆ ಒಂದು ನಿಮಿಷದ ಸುದ್ದಿ ಮಾತ್ರ ಕಳಿಸುತ್ತೇವೆ, ಉತ್ತರ ಬೇಡುವುದಿಲ್ಲ. ಅಮೆರಿಕದಲ್ಲಿ ಇರುವವರ ಗಡಿಯಾರ ಮಾರ್ಚ್ ತಿಂಗಳ ಎರಡನೆಯ ರವಿವಾರ ಒಂದು ತಾಸು ಮುಂದೆ ಹೋಗುತ್ತದೆ. ನಮ್ಮ ಎಂಟೂವರೆ ಬದಲಾಗುವುದಿಲ್ಲ. ಕ್ಯಾಲಿಫೋರ್ನಿಯಾದವರು ಆ ವಾರದ ನಂತರ ಸಂಜೆ ಏಳರ ಬದಲು ಎಂಟಕ್ಕೆ ಬನ್ನಿರಿ.