ಕರ್ಚೀಫು ಅವರೇ ಕೊಟ್ರಾ?

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆ ಎರಡು ಸಲ ಓದಿದೆ. ಬಸ್ಸಿನಲ್ಲಿ ಚಿಲ್ಲರೆಗಾಗಿ ಹುಡುಗ, ಹುಡುಗಿ ಜಗಳ ಆಡುವ ದೃಶ್ಯಕ್ಕೆ ಜೋರಾಗಿ ನಕ್ಕೆ. ಆದರೆ ಹುಡುಗಿಯ ಅಪ್ಪ ಬಂದ ಕೂಡಲೇ ನಗು ನಿಂತುಹೋಗುತ್ತದೆ. ಅವರು ಗುಡುಗುತ್ತಾರೆ, ಬಾಗಿಲು ಹಾಕುತ್ತಾರೆ, ಕೊನೆಗೆ ಸಂಸ್ಕಾರದ ಬಗ್ಗೆ ಒಂದೂವರೆ ಪುಟ ಮಾತಾಡಿ ಒಪ್ಪಿಬಿಡುತ್ತಾರೆ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಬರೀಬೇಕು ಅನ್ನೋದು ನಿನ್ನ ಆಸೆ. ಹಾಗಿದ್ದರೆ ಆ ಮನೆಮಂದಿಯನ್ನೇ ದಾರಿಗೆ ಅಡ್ಡ ಬಿದ್ದ ಕಲ್ಲಿನ ಹಾಗೆ ಯಾಕೆ ಬರೆದೆ?

ನನ್ನ ಸ್ವಂತ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಮಾತು ಹೇಳುತ್ತೇನೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಯಿತು. ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂತ ಎದ್ದರು. ಅವರು ಹೋದ ಮೇಲೆ ನೋಡಿದರೆ, ಹುಡುಗನ ಸೋದರಮಾವ ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದಾರೆ! ಅವರ ಹೊಸ ಜೋಡು ನಮ್ಮ ಮೆಟ್ಟಿಲ ಮೇಲೇ ಇದೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಬಸ್ ಸ್ಟ್ಯಾಂಡ್ ಕಡೆ ಓಡಿದರು. ಹಿಂದೆ ನಾನು. ಹುಡುಗ ಕಿಟಕಿಯಿಂದ ನೋಡಿದವನೇ ಇಳಿದು ಬಂದ. ‘ಅಯ್ಯೋ, ನೀವ್ಯಾಕೆ ಹಿಡ್ಕೊಂಡ್ರಿ, ಕೊಡಿ ಇಲ್ಲಿ’ ಅಂತ ಅಪ್ಪನ ಕೈಯಿಂದ ಚಪ್ಪಲಿ ತಗೊಂಡ. ಆಮೇಲೆ ತನ್ನ ಕರ್ಚೀಫು ತೆಗೆದು ಕೈ ಒರೆಸಿಕೊಳ್ಳೋಕೆ ಕೊಟ್ಟ. ಸೋದರಮಾವ ನಾಚಿಕೊಂಡು ಬಸ್ಸಿನ ಬಾಗಿಲಲ್ಲೇ ನಿಂತಿದ್ದರು. ಒಂದು ಗಳಿಗೆ ಬಿಟ್ಟು ಮೂವರಿಗೂ ನಗು ಬಂತು.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಕರ್ಚೀಫು ಅವರೇ ಕೊಟ್ರಾ, ಅಪ್ಪ ಕೇಳಿದ್ರಾ?’ ಕರ್ಚೀಫು ಅಪ್ಪನ ಜೇಬಲ್ಲೇ ಉಳಿದುಬಿಟ್ಟಿತ್ತು. ಅಕ್ಕ ಅದನ್ನು ಒಗೆದು, ಇಸ್ತ್ರಿ ಮಾಡಿ, ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಳು.

ಅಲ್ಲಿ ಪ್ರೀತಿ ಅನ್ನೋ ಮಾತು ಯಾರ ಬಾಯಲ್ಲೂ ಬರಲಿಲ್ಲ. ಗೌರವ, ಸಂಸ್ಕಾರ ಅಂತಲೂ ಯಾರೂ ಅನ್ನಲಿಲ್ಲ. ಹೆಣ್ಣು ಹೆತ್ತವರು ಬಗ್ಗಲೇಬೇಕು ಅಂತಿದ್ದ ಕಾಲ ಅದು. ಆ ಹುಡುಗ ನಮ್ಮಪ್ಪನನ್ನು ಬಗ್ಗೋಕೆ ಬಿಡಲಿಲ್ಲ. ನೀನು ಕೌಟುಂಬಿಕ ಮೌಲ್ಯ ಅಂತ ಪತ್ರದಲ್ಲಿ ಬರೆದಿದ್ದೀಯಲ್ಲ, ಅದು ನನ್ನ ಕಣ್ಣಿಗೆ ಕಾಣೋದು ಹೀಗೆ. ನಮ್ಮಕ್ಕನಿಗೂ ಅಲ್ಲೇ ಮನಸ್ಸು ಕೂತಿತು ನೋಡು. ಪ್ರೇಮಕಥೆ ಬೇರೆ, ಮನೆಕಥೆ ಬೇರೆ ಅಂತ ಎರಡು ಎಳೆ ಮಾಡಿಕೊಂಡು ಒದ್ದಾಡಬೇಡ.

1990ರಲ್ಲಿ ಬಂದ ಫಣಿ ರಾಮಚಂದ್ರರ ‘ಗಣೇಶನ ಮದುವೆ’ ಇನ್ನೊಂದು ಸಲ ನೋಡು. ಅನಂತನಾಗ್ ವಠಾರದಲ್ಲಿ ಬಾಡಿಗೆಗಿರುವ ಹುಡುಗ. ಮಾಲೀಕರು ಮುಖ್ಯಮಂತ್ರಿ ಚಂದ್ರು, ಅವರ ಮಗಳು ವಿನಯಾ ಪ್ರಸಾದ್. ಎದುರಿಗೆ ಸಿಕ್ಕರೆ ಇಬ್ಬರಿಗೂ ಜಗಳ. ಪತ್ರದಲ್ಲಿ, ಯಾರು ಅಂತ ಗೊತ್ತಿಲ್ಲದೆ, ಪ್ರೀತಿ. ವಠಾರದಲ್ಲಿ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದೆ ಇರೋಲ್ಲ. ಗುಟ್ಟು ಇಟ್ಟುಕೊಳ್ಳೋಕೆ ಜಾಗವೇ ಇಲ್ಲ. ಜಗಳಕ್ಕೂ ನಗುವಿಗೂ ಆ ಇಕ್ಕಟ್ಟೇ ಕಾರಣ. ನಿನ್ನ ಕಥೆಯ ಮನೆ ಮೂರು ಮಹಡಿಯದು. ಅಲ್ಲಿ ಯಾರೂ ಯಾರಿಗೂ ಎಡವುವುದಿಲ್ಲ. ಸುಮ್ನೆ ಎರಡು ರೂಮಿನ ಮನೆ ಮಾಡಿ ನೋಡು, ಅಜ್ಜಿಯ ಮಂಚ ಹಾಲ್‌ಗೆ ಬರಲಿ.

2006ರ ‘ಮುಂಗಾರು ಮಳೆ’ಯಲ್ಲಿ ಹುಡುಗ ಆ ಮನೆಯ ಮದುವೆ ಕೆಡಬಾರದು ಅಂತ ಹುಡುಗಿಯನ್ನೇ ಬಿಟ್ಟುಕೊಡುತ್ತಾನೆ. ನಾನೂ ಥಿಯೇಟರಿನಲ್ಲಿ ಅತ್ತಿದ್ದೇನೆ. ಆದರೆ ಆ ತೀರ್ಮಾನದಲ್ಲಿ ಅವಳ ಪಾಲು ಎಷ್ಟು ಅನ್ನೋ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಿನ್ನ ಕಥೆಯಲ್ಲೂ ಅಪ್ಪ, ಹುಡುಗ ಇಬ್ಬರೇ ಕೂತು ಮಾತು ಮುಗಿಸುತ್ತಾರೆ. ಹುಡುಗಿ ಬಾಗಿಲ ಹಿಂದೆ ನಿಂತಿರುತ್ತಾಳೆ. ಅವಳನ್ನು ಒಳಗೆ ಕರಿ.

ಸಂಪ್ರದಾಯ ಅಂದ ಕೂಡಲೇ ಮುಖ ಗಂಟು ಹಾಕಬೇಕಿಲ್ಲ. ನಮ್ಮ ಹಿರಿಯರು ಮದುವೆಯೊಳಗೇ ನಗುವಿಗೆ ಎಷ್ಟು ಜಾಗ ಇಟ್ಟಿದ್ದಾರೆ! ಕೊಡೆ, ಕೋಲು ಹಿಡಿದು ಕಾಶಿಗೆ ಹೊರಡುವ ವರ, ಅವನನ್ನು ಬೇಡಿಕೊಂಡು ವಾಪಸ್ ಕರೆತರುವ ಹೆಣ್ಣಿನ ಕಡೆಯವರು. ಉರುಟಣೆಯಲ್ಲಿ ಒಬ್ಬರಿಗೊಬ್ಬರು ಅರಿಶಿನ ಹಚ್ಚಿಕೊಳ್ಳುವ ಗಂಡ ಹೆಂಡತಿ. ಬೀಗರನ್ನು ಹಂಗಿಸುವ ಹಾಡು. ಉತ್ತರ ಕರ್ನಾಟಕದ ಕಡೆ ಒಡಪು, ಅಂದರೆ ಪ್ರಾಸದ ಎರಡು ಸಾಲು, ಕಟ್ಟಿ ಗಂಡನ ಹೆಸರು ಹೇಳಬೇಕು, ಅಲ್ಲಿವರೆಗೆ ಹೊಸ ಮದುಮಗಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತಾರೆ. ನಿನ್ನ ಹುಡುಗಿ ಎಂಥ ಒಡಪು ಕಟ್ಟುತ್ತಾಳೆ, ಯೋಚನೆ ಮಾಡಿದ್ದೀಯಾ? ಅವಳ ಬುದ್ಧಿ, ಅವಳ ತುಂಟತನ, ಮನೆಯವರ ಮೇಲಿನ ಅಕ್ಕರೆ ಎಲ್ಲ ಆ ಎರಡು ಸಾಲಿನಲ್ಲಿ ಬರಬಹುದು. ಅಪ್ಪನ ಒಂದೂವರೆ ಪುಟ ತೆಗೆದು ಅದನ್ನು ಹಾಕು.

ಒಂದು ವಿಷಯದಲ್ಲಿ ಮಾತ್ರ ನನಗೆ ಬೇಜಾರಾಯಿತು. ಮದುವೆಯಾಗದ ಅತ್ತೆಯನ್ನು ನಾಲ್ಕು ಕಡೆ ಗೇಲಿ ಮಾಡಿಸಿದ್ದೀಯ. ಅಂಥ ಅತ್ತೆ ಎಷ್ಟೋ ಮನೆಗಳಲ್ಲಿ ಇರುತ್ತಾರೆ. ಎಲ್ಲರ ಜೊತೆ ಸಿನಿಮಾಕ್ಕೂ ಬಂದಿರುತ್ತಾರೆ, ಅಲ್ವಾ? ಪಕ್ಕದ ಸೀಟಿನವರು ನಗುವಾಗ ಅವರು ಎಲ್ಲಿ ನೋಡಬೇಕು? ಬೀಗರ ಹಾಡಿನಲ್ಲಿ ಆ ಕಡೆಯವರೂ ತಿರುಗಿ ಹಾಡಬಹುದು. ನಿನ್ನ ಅತ್ತೆಗೆ ಬಾಯೇ ಕೊಟ್ಟಿಲ್ಲ. ಒಂದು ಒಳ್ಳೆ ಮರುಮಾತು ಕೊಡು, ಇಡೀ ಥಿಯೇಟರು ಅವರ ಕಡೆ ಆಗುತ್ತದೆ.

ಈಗಲೇ ಪೂರ್ತಿ ತಿದ್ದೋಕೆ ಹೋಗಬೇಡ. ಅಪ್ಪ ಮೊದಲ ಸಲ ಹುಡುಗನನ್ನು ನೋಡುವ ದೃಶ್ಯ ಒಂದನ್ನೇ ಮತ್ತೆ ಬರಿ. ಅವರಿಗೆ ಯಾವುದರ ಭಯ ಅಂತ ಮೊದಲು ನಿನಗೆ ಗೊತ್ತಿರಲಿ, ಅವರ ಬಾಯಿಂದ ಹೇಳಿಸಬೇಡ. ಕೈಯಲ್ಲಿ ಏನಾದರೂ ಕೆಲಸ ಕೊಡು: ಕೆಟ್ಟ ಮಿಕ್ಸಿ ಬಿಚ್ಚುತ್ತಿರಲಿ, ತೆಂಗಿನಕಾಯಿ ಸುಲಿಯುತ್ತಿರಲಿ. ಹುಡುಗ ಬಂದು ಏನು ಮಾಡುತ್ತಾನೆ ಅಂತ ನಾನೂ ನೋಡಬೇಕು. ಬರೆದ ಕೂಡಲೇ ಕಳಿಸು.

ನಿನ್ನ
ಅಕ್ಕ