ಹಚ್ಚೆ ಇದೆಯಾ ಅಂತ ಮೊದಲೇ ಕೇಳಬಾರದಿತ್ತಾ?

ಮಾನ್ಯರೇ,

ಜಾತ್ರೆಯ ಹಚ್ಚೆ ಅಂಗಡಿಗಳ ಬಗ್ಗೆ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಹಚ್ಚೆ ಇದ್ದರೆ ಮುಂದೆ ಸ್ಕ್ಯಾನಿಂಗ್, ಆಪರೇಷನ್ ಹೊತ್ತಿನಲ್ಲಿ ತೊಂದರೆ ಆಗಬಹುದು, ಯುವಕರು ಎಚ್ಚರ ವಹಿಸಬೇಕು ಅಂತ ಅಧಿಕಾರಿಗಳು ಹೇಳಿದ್ದಾರೆ. ಯುವಕರ ಮಾತು ಆಮೇಲೆ. ಸೋಮವಾರ ನನ್ನ ಅವ್ವನಿಗೆ ಏನಾಯ್ತು ಅಂತ ಸ್ವಲ್ಪ ಕೇಳಿ.

ಅವ್ವನಿಗೆ 74 ವರ್ಷ, ಸಕ್ಕರೆ ಕಾಯಿಲೆ ಬೇರೆ. ಸೊಂಟನೋವು ಕಾಲಿಗೆ ಇಳಿದಿದೆ. ವೈದ್ಯರು ಎಂಆರ್‌ಐ, ಅಂದರೆ ದೊಡ್ಡ ಅಯಸ್ಕಾಂತದ ಮಷಿನ್‌ನಲ್ಲಿ ಮಾಡುವ ಸ್ಕ್ಯಾನಿಂಗ್, ಬರೆದುಕೊಟ್ಟರು. 12 ದಿನ ಕಾದ ಮೇಲೆ ದಿನ ಸಿಕ್ಕಿತು. ಬೆಳಗ್ಗೆ 8ಕ್ಕೆ ಬರೀ ಹೊಟ್ಟೆಯಲ್ಲಿ ಬನ್ನಿ ಅಂದರು, ಹೋದೆವು. ಪೈಪಿಗೆ ಅಂತ ಅಗೆದ ರಸ್ತೆ ಎಂಟು ತಿಂಗಳಾದರೂ ಮುಚ್ಚಿಲ್ಲ, ಆಟೋ ಬಾಗಿಲವರೆಗೆ ಹೋಗಲಿಲ್ಲ. ಅವ್ವನನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ಒಳಗೆ ಕರೆದೊಯ್ದೆ. ಹನ್ನೊಂದೂವರೆಗೆ ಹೆಸರು ಕರೆದರು. ಮೈಮೇಲಿರುವ ಒಡವೆ ಎಲ್ಲ ಬಿಚ್ಚಿ ಅಂದರು. ಓಲೆ, ಬಳೆ, ಕಾಲುಂಗುರ ತೆಗೆದಳು. ಮೂಗುಬೊಟ್ಟು 40 ವರ್ಷದಿಂದ ಬಿಚ್ಚಿದ್ದೇ ಇಲ್ಲ. ಸೋಪಿನ ನೊರೆ ಹಚ್ಚಿ, ತಿರುಗಿಸಿ ತಿರುಗಿಸಿ ತೆಗೆಯುವಷ್ಟರಲ್ಲಿ ಮೂಗು ಕೆಂಪಗಾಗಿತ್ತು, ಕಣ್ಣಲ್ಲಿ ನೀರು. ಇಷ್ಟೆಲ್ಲ ಆದ ಮೇಲೆ, ಮಷಿನ್ ಬಾಗಿಲಲ್ಲಿ ನಿಂತಿದ್ದ ಹುಡುಗ ಅವಳ ಮುಂಗೈ ನೋಡಿ, "ಹಚ್ಚೆ ಇದೆ, ಆಗಲ್ಲ. ಡಾಕ್ಟರ್ ಹತ್ರ ಬರೆಸಿಕೊಂಡು ಬನ್ನಿ" ಅಂದ. ಅವ್ವ ನನ್ನ ಮುಖ ನೋಡಿದಳು. "ಇದನ್ನ ಹೆಂಗ ಬಿಚ್ಚಲಪ್ಪಾ?"

ಹರಪನಹಳ್ಳಿ ಕಡೆಯ ಹಳ್ಳಿಯಲ್ಲಿ, ಮದುವೆಗೆ ಮುಂಚೆ, ಮನೆ ಬಾಗಿಲಿಗೆ ಬಂದ ಕೊರವಂಜಿ ಹಾಕಿದ ಹಚ್ಚೆ ಅದು. ಮುಂಗೈ ಮೇಲೆ ತುಳಸಿಕಟ್ಟೆ, ಪಕ್ಕದಲ್ಲಿ ಚೇಳು, ಗದ್ದದ ಮೇಲೆ ಮೂರು ಚುಕ್ಕಿ. ದೀಪದ ಮಸಿಗೆ ಎಲೆಯ ರಸ ಕಲಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚಿ, ಮೇಲೆ ಅರಿಶಿನ ಹಚ್ಚಿದ್ದಳಂತೆ. ಸತ್ತ ಮೇಲೆ ಜೊತೆಗೆ ಬರೋದು ಹಚ್ಚೆ ಒಂದೇ ಅಂತ ನಂಬಿ ಹಾಕಿಸಿಕೊಂಡ ಅಜ್ಜಿಯರು ನಮ್ಮ ಬೀದಿಯಲ್ಲೇ ಹತ್ತು ಜನ ಇದ್ದಾರೆ. ಇವರೆಲ್ಲ ಸ್ಕ್ಯಾನಿಂಗ್‌ಗೆ ಬರುವವರು ಅಂತ ಸೆಂಟರ್‌ನವರಿಗೆ ಗೊತ್ತಿಲ್ವಾ?

ಕೆಲವು ಬಣ್ಣಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ, ಎಂಆರ್‌ಐ ಒಳಗೆ ಅದು ಬಿಸಿಯಾಗಬಹುದು, ಅಪರೂಪಕ್ಕೆ ಚರ್ಮ ಸುಟ್ಟಿದ್ದೂ ಉಂಟು. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಹಚ್ಚೆ ಇದೆ ಅಂತ ಸ್ಕ್ಯಾನನ್ನೇ ಬಿಡಬೇಕಿಲ್ಲ. 330 ಜನರ ಮೈಮೇಲಿನ 932 ಹಚ್ಚೆಗಳನ್ನು ಎಂಆರ್‌ಐ ಮಾಡಿ ನೋಡಿದ ಅಧ್ಯಯನ 2019ರಲ್ಲೇ ಬಂದಿದೆ. ಹಚ್ಚೆಯಿಂದ ತೊಂದರೆ ಆದದ್ದು ಒಬ್ಬರಿಗೆ, ಅದೂ ಸಣ್ಣದು. ಹಚ್ಚೆ ಮೇಲೆ ತಣ್ಣನೆ ಬಟ್ಟೆ ಇಟ್ಟು, ಉರಿದರೆ ಒತ್ತಿ ಅಂತ ಕೈಗೆ ಬೆಲ್ ಕೊಟ್ಟರೆ ಆಗುವ ಕೆಲಸ. ಕೇಳಬೇಡಿ ಅಂತಲೂ ನಾನು ಹೇಳುತ್ತಿಲ್ಲ. ಪೇಸ್‌ಮೇಕರ್ ಇದೆಯಾ, ರಾಡ್ ಹಾಕಿದ್ದಾರಾ ಅಂತ ಫೋನಿನಲ್ಲೇ ಕೇಳಿದ್ದರಲ್ಲ, ಅದರ ಜೊತೆ ಇದೊಂದು ಮಾತು ಕೇಳಿದ್ದರೆ ಬಾಯಿ ಸವೆಯುತ್ತಿತ್ತಾ?

ಇನ್ನು ಜಾತ್ರೆ ಅಂಗಡಿ. ನನ್ನ ಅಕ್ಕನ ಮಗ ಅಲ್ಲೇ ತೋಳಿಗೆ ಹುಲಿ ಹಾಕಿಸಿಕೊಂಡ. ಹೋದ ತಿಂಗಳು ಅವನ ಅಪ್ಪನ ಆಪರೇಷನ್. ರಕ್ತ ಕೊಡಲು ಹೋದರೆ, ಹಚ್ಚೆ ಹಾಕಿಸಿ 12 ತಿಂಗಳು ಆಗುವವರೆಗೆ ತಗೊಳ್ಳಲ್ಲ ಅಂದರು. ನಿಯಮ ಸರಿಯೇ ಇದೆ. ಸೂಜಿಯಿಂದ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಒಬ್ಬನಿಗೆ ಚುಚ್ಚಿದ ಸೂಜಿಯನ್ನು ಹತ್ತಿಯಲ್ಲಿ ಒರೆಸಿ ಇನ್ನೊಬ್ಬನಿಗೆ ಚುಚ್ಚುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮೂರು ವರ್ಷದ ಹಿಂದೆ ಅರ್ಜಿ ಕೊಟ್ಟೆ. "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಅಂತ ಒಂದು ಕಾಗದ ಬಂತು, ಅಷ್ಟೇ. ಬೀದಿದೀಪದ ಅರ್ಜಿಗೂ ಅದೇ ಕಾಗದ, ಅವ್ವನ ಪಿಂಚಣಿ ನಿಂತಾಗ ಕೊಟ್ಟ ಅರ್ಜಿಗೂ ಅದೇ ಕಾಗದ. ಹಚ್ಚೆ ಶಾಯಿಯಲ್ಲಿ 22 ಬಗೆಯ ಲೋಹ ಸಿಕ್ಕಿದೆ, ಕೇಂದ್ರಕ್ಕೆ ಬರೆಯುತ್ತೇವೆ ಅಂತ ಆರೋಗ್ಯ ಸಚಿವರು 2025ರ ಫೆಬ್ರವರಿಯಲ್ಲಿ ಹೇಳಿದ್ದರು. ಅಂಥ ಅಂಗಡಿಗಳಿಗೆ ನಮ್ಮ ಜಾತ್ರೆಯಲ್ಲಿ ಈ ವರ್ಷವೂ ಜಾಗ ಕೊಟ್ಟವರು ಯಾರು?

ಆ ಅಂಗಡಿಗಳನ್ನು ಮೊದಲು ಎತ್ತಿಸಿ. ಇಲ್ಲದಿದ್ದರೆ ಹೊಸ ಸೂಜಿ ಬಳಸುತ್ತಾರಾ ಅಂತ ನಿಂತು ನೋಡಿ, ಹಚ್ಚೆ ಹಾಕಿಸಿಕೊಂಡರೆ ಒಂದು ವರ್ಷ ರಕ್ತ ಕೊಡುವ ಹಾಗಿಲ್ಲ ಅಂತ ಬೋರ್ಡ್ ಆದರೂ ಹಾಕಿಸಿ. ಸ್ಕ್ಯಾನಿಂಗ್ ಸೆಂಟರ್‌ಗಳಿಗೂ ಯಾರಾದರೂ ಹೇಳಬೇಕು, ಆ ರಸ್ತೆಯನ್ನೂ ಯಾರಾದರೂ ಮುಚ್ಚಬೇಕು. ಅವ್ವನಿಗೆ ಮತ್ತೆ ಮುಂದಿನ ವಾರ ಬರಲು ಹೇಳಿದ್ದಾರೆ. ಮೂಗುಬೊಟ್ಟು ಇನ್ನೂ ಹಾಕಿಕೊಂಡಿಲ್ಲ, ಹೇಗೂ ಮತ್ತೆ ಬಿಚ್ಚಬೇಕಲ್ಲ ಅನ್ನುತ್ತಾಳೆ. ವಯಸ್ಸಾದ ಹೆಂಗಸನ್ನು ಹೀಗೆ ಅಲೆಸೋಕೆ ನಿಮಗೆಲ್ಲ ಮನಸ್ಸಾದರೂ ಹೇಗೆ ಬರುತ್ತದೆ?

– ನೊಂದ ಓದುಗ