ಪಖಾಲಿ ಹೊತ್ತ ಭಾನುವಾರ

ರಾಯಚೂರು

ದೋಸ್ತ್,

ಭಾನುವಾರ ನಾಲ್ಕು ಸಲ ಫೋನ್ ಮಾಡಿದ್ದೆಯಂತೆ. ನನ್ನ ಫೋನ್ ಗೋಣಿಚೀಲದಲ್ಲಿತ್ತು. ಎಲ್ಲರದ್ದೂ ಅಲ್ಲೇ ಇತ್ತು. ಮೈದಾನಕ್ಕೆ ಇಳಿದ ಮೇಲೆ ಫೋನ್, ವಾಚ್ ಏನೂ ಇರುವಂತಿಲ್ಲ. ಅದು ನಮ್ಮ ತಂಡದ ಕಟ್ಟುನಿಟ್ಟು.

ನಾವು ಹದಿನೈದು ಮಂದಿ ಸೇರಿ 1520ರ ರಾಯಚೂರು ಕಾಳಗವನ್ನು ಶಾಲೆ ಮಕ್ಕಳಿಗೆ ಮಾಡಿ ತೋರಿಸುತ್ತೇವೆ. ನಾಟಕ ಅಲ್ಲ, ಬಾಯಿಪಾಠ ಮಾಡಿದ ಮಾತಿಲ್ಲ. ಆಗಿನ ಸೈನಿಕ ಏನು ತೊಟ್ಟ, ಏನು ಹೊತ್ತ, ಏನು ಉಂಡ ಅಂತ ಹಾಗೆಯೇ ಇದ್ದು ತೋರಿಸುವುದು. ಊಟದ್ದೇ ದೊಡ್ಡ ಕಷ್ಟ ಮಾರಾಯ. ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ ಎಲ್ಲಾ ಮೂಲದಲ್ಲಿ ಅಮೆರಿಕದವು, ಹಾಗಾಗಿ ಬಂದ್. ರಾಯಚೂರಿನವನಿಗೆ ಮಿರ್ಚಿ ಇಲ್ಲ, ಶೇಂಗಾ ಚಟ್ನಿ ಇಲ್ಲ! ಜೋಳದ ರೊಟ್ಟಿಗೆ ಕಾಳುಮೆಣಸು ಹಾಕಿದ ಬೇಳೆ. ಆಟ ಮುಗಿದ ಕೂಡಲೇ ಎಲ್ಲರೂ ಓಡುವುದು ಒಗ್ಗರಣೆ-ಮಿರ್ಚಿ ಬಂಡಿಗೆ.

ಮೊದಲ ಸಭೆಯಲ್ಲಿ ಎಲ್ಲರಿಗೂ ಕೃಷ್ಣದೇವರಾಯ ಆಗಬೇಕಿತ್ತು. ಎದುರಾಳಿ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನಿಗೂ ಇಬ್ಬರು ಸಿಕ್ಕರು. ನನಗೆ ಉಳಿದದ್ದು ಪಖಾಲಿಯಲ್ಲಿ, ಅಂದರೆ ಚರ್ಮದ ಚೀಲದಲ್ಲಿ, ನೀರು ಹೊರುವ ಕೆಲಸ. ಸುಮ್ನೆ ಮುಖ ಉಬ್ಬಿಸಿಕೊಂಡು ಕೂತಿದ್ದೆ. ಆಮೇಲೆ ನ್ಯೂನಿಜ್ ಬರೆದದ್ದನ್ನು ಓದಿದೆ. ಅವನು ಪೋರ್ಚುಗೀಸ್ ಕುದುರೆ ವ್ಯಾಪಾರಿ. ರಾಯನ ದಂಡಿನ ಜೊತೆ ಹನ್ನೆರಡು ಸಾವಿರ ಜನ ಚರ್ಮದ ಚೀಲದಲ್ಲಿ ನೀರು ಹೊತ್ತು ನಡೆದರಂತೆ, ಬಾಯಾರಿ ಯಾರೂ ಸಾಯಬಾರದು ಅಂತ. ಅವನ ಲೆಕ್ಕ ಯಾವಾಗಲೂ ಸ್ವಲ್ಪ ಜಾಸ್ತಿಯೇ ಅನ್ನು. ಆದರೂ ಕಾಳಗ ನಡೆದದ್ದು ಮೇ ತಿಂಗಳಲ್ಲಿ. ನಮ್ಮೂರಿನ ಮೇ ನಿನಗೆ ಗೊತ್ತಲ್ವಾ?

ಆ ಕಾಳಗದಲ್ಲಿ ಸಾಲಾಗಿ ನಿಲ್ಲಿಸಿದ ಫಿರಂಗಿಗಳನ್ನು ಬಿಜಾಪುರದವರು ಒಂದೇ ಸಲಕ್ಕೆ ಹಾರಿಸಿದರು. ರಾಯನ ಮುಂದಿನ ಸಾಲು ಚದುರಿತು. ಆಮೇಲೆ ರಾಯ ತಾನೇ ಮುಂದೆ ನಿಂತು ದಂಡು ನುಗ್ಗಿಸಿದ. ಅವರನ್ನು ಕೃಷ್ಣೆಯವರೆಗೂ ಅಟ್ಟಿದರು. ಕೋಟೆಗೆ ಕಾಳಗಕ್ಕೂ ಮೊದಲೇ ಮುತ್ತಿಗೆ ಹಾಕಿದ್ದರು. ಆಗ ಗೋಡೆಯಿಂದ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಪಣ, ಅಂದರೆ ಆಗಿನ ನಾಣ್ಯ, ಕೊಡುತ್ತಿದ್ದರಂತೆ. ನಾವು ಅದನ್ನು ಥರ್ಮೋಕೋಲ್ ಕಲ್ಲಿನಲ್ಲಿ ತೋರಿಸುತ್ತೇವೆ. ಮಕ್ಕಳಿಗೆ ಯುದ್ಧಕ್ಕಿಂತ ಈ ಚೌಕಾಸಿಯೇ ಇಷ್ಟ.

ಮೊನ್ನೆ ಏನಾಯಿತು ಅಂದರೆ, ನಮ್ಮ ರಾಯ ಹತ್ತಿ ತುಂಬಿದ ದಪ್ಪ ಅಂಗಿ ತೊಟ್ಟು, ಕೈಯಲ್ಲಿ ಕತ್ತಿ ಎತ್ತಿ "ನುಗ್ಗಿ" ಅನ್ನಬೇಕಿತ್ತು. "ನು..." ಅಂದವನೇ ಕುಕ್ಕರಿಸಿಬಿಟ್ಟ. ಮುಖ ಬಿಳಿಚಿಕೊಂಡಿತ್ತು. ನಾನು ಓಡಿದೆ. ತುಂಬಿದ ಪಖಾಲಿ ಹೊತ್ತು ಓಡಿದ್ದೀಯಾ? ನೀರು ಒಳಗೆ ಆ ಕಡೆ ಹೊರಳಿದರೆ ನಾವು ಈ ಕಡೆ ವಾಲುತ್ತೇವೆ. ಪಟ್ಟಿ ಹೆಗಲಿಗೆ ಕೊರೆಯುತ್ತದೆ. ಅರ್ಧ ದಾರಿಯಲ್ಲಿ ಹೊಲಿಗೆ ಬಿಟ್ಟು ಬೆನ್ನೆಲ್ಲ ಒದ್ದೆ. ಉಳಿದದ್ದನ್ನು ಅವನ ತಲೆಗೆ ಸುರಿದು, ಬೊಗಸೆಗೂ ಹಾಕಿದೆ. ಅಷ್ಟರಲ್ಲಿ ಆದಿಲ್ ಶಾಹಿ ಕಡೆಯವರೂ ಕತ್ತಿ ಬಿಸಾಕಿ ಬಂದು ಬೊಗಸೆ ಒಡ್ಡಿದರು. ಎದುರಾಳಿಗೆ ನೀರು ಕೊಡಬಹುದಾ ಅಂತ ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ. ಕೊಟ್ಟೆ. ಮಕ್ಕಳು ಇದೂ ಆಟದ ಭಾಗ ಅಂದುಕೊಂಡು ಚಪ್ಪಾಳೆ ಹೊಡೆದರು.

ಈಗ ಮುಂದಿನ ಸಲಕ್ಕೆ ರಾಯನಾಗು ಅಂತ ನನ್ನ ದುಂಬಾಲು ಬಿದ್ದಿದ್ದಾರೆ. ಒಲ್ಲೆ ಅಂದೆ. ಹೊಲಿಗೆ ಮಾತ್ರ ಮತ್ತೆ ಹಾಕಿಸಬೇಕು, ಚರ್ಮವೂ ಸವೆದಿದೆ. ಬೆಂಗಳೂರಿನಲ್ಲಿ ಗಟ್ಟಿ ಮೇಕೆ ಚರ್ಮ ಸಿಕ್ಕರೆ ಹಬ್ಬಕ್ಕೆ ಬರುವಾಗ ತಂದುಬಿಡು. ಅಳತೆ ಕಳಿಸುತ್ತೇನೆ.

ನಿನ್ನ ದೋಸ್ತ್